ಪೈಪು ಸಣ್ಣದಾದರೆ ನೀರು ಎಷ್ಟು ಜೋರಾಗುತ್ತದೆ? ಲೆಕ್ಕ ಹಾಕೋದು ಹೀಗೆ

ಎರಡು ಇಂಚಿನ ಪೈಪಿಗೆ ರೆಡ್ಯೂಸರ್ ಹಾಕಿ ಒಂದು ಇಂಚಿಗೆ ಇಳಿಸಿದರೆ ನೀರಿನ ವೇಗ ಎರಡು ಪಟ್ಟಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಎರಡಲ್ಲ, ನಾಲ್ಕು ಪಟ್ಟು. ಅಡ್ಡಳತೆ ಅರ್ಧ ಆದರೆ ನೀರು ಹೋಗುವ ಜಾಗ ಕಾಲುಭಾಗಕ್ಕೆ ಇಳಿಯುತ್ತದೆ. ದಪ್ಪ ಪೈಪಿನಲ್ಲಿ ಸೆಕೆಂಡಿಗೆ ಎಷ್ಟು ನೀರು ಬರುತ್ತದೋ ಅಷ್ಟೂ ಸಣ್ಣದರಿಂದ ಹೊರಗೆ ಹೋಗಲೇಬೇಕಲ್ವಾ?

ಮೊದಲು ನೀರು ಅಳೆಯಿರಿ, ಅದೂ ರೆಡ್ಯೂಸರ್ ಹಾಕಿದ ಮೇಲೆ. 20 ಲೀಟರ್ ಬಕೆಟ್ 10 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್. ಬಕೆಟ್ ತೀರಾ ಬೇಗ ತುಂಬಿದರೆ 200 ಲೀಟರಿನ ಡ್ರಮ್ ಇಡಿ. ಆಮೇಲೆ ಪೈಪಿನ ಒಳ ಅಳತೆ ತೆಗೆದುಕೊಳ್ಳಿ. ಪಿವಿಸಿ ಪೈಪಿನ ಮೇಲೆ ಬರೆದಿರುವ 63 ಮಿ.ಮೀ. ಹೊರಗಿನ ಅಳತೆ, ಅದನ್ನೇ ಹಿಡಿದರೆ ಲೆಕ್ಕ ತಪ್ಪುತ್ತದೆ.

ಈಗ ಸೆಕೆಂಡಿಗೆ ಬರುವ ಲೀಟರನ್ನು 1273ರಿಂದ ಗುಣಿಸಿ, ಒಳ ಅಳತೆಯ (ಮಿ.ಮೀ.) ವರ್ಗದಿಂದ ಭಾಗಿಸಿ. ಬರುವ ಉತ್ತರವೇ ಸೆಕೆಂಡಿಗೆ ಇಷ್ಟು ಮೀಟರ್ ಅಂತ ವೇಗ. 2 ಲೀಟರಿಗೆ 50 ಮಿ.ಮೀ. ಪೈಪಿನಲ್ಲಿ ಸುಮಾರು 1 ಮೀಟರ್, 25ರಲ್ಲಿ 4 ಮೀಟರಿಗೂ ಸ್ವಲ್ಪ ಜಾಸ್ತಿ. ಪೈಪು ತುಂಬಿ ಹರಿಯುತ್ತಿದ್ದರೆ ಮಾತ್ರ ಈ ಲೆಕ್ಕ ಸರಿ.

ವೇಗ ಜಾಸ್ತಿಯಾಯಿತು ಅಂತ ನೀರು ಜಾಸ್ತಿ ಬರುವುದಿಲ್ಲ. ಉದ್ದಕ್ಕೂ ಸಣ್ಣ ಪೈಪು ಎಳೆದರೆ ಉಜ್ಜಾಟ ಜಾಸ್ತಿಯಾಗಿ ನೀರು ಕಮ್ಮಿಯೇ ಆಗುತ್ತದೆ. ಮೇನ್ ಲೈನಿನಲ್ಲಿ ವೇಗ ಒಂದೂವರೆ ಮೀಟರ್ ದಾಟದಂತೆ ನೋಡಿಕೊಂಡರೆ ಒಳ್ಳೆಯದು, ಸುಮ್ನೆ ದುಡ್ಡು ಉಳಿಸಲು ಸಣ್ಣ ಪೈಪು ಹಾಕಬೇಡಿ.

ಇನ್ನೊಂದು ವಿಚಾರ ಕೇಳಿದರೆ ಮೊದಲು ಯಾರೂ ನಂಬಲ್ಲ: ಸಣ್ಣ ಜಾಗದಲ್ಲಿ ಪ್ರೆಶರ್ ಏರುವುದಿಲ್ಲ, ಇಳಿಯುತ್ತದೆ. ಅಲ್ಲಿ ನೀರು ಓಡಲು ಬೇಕಾದ ಶಕ್ತಿ ಪ್ರೆಶರ್‌ನಿಂದಲೇ ಹೋಗಬೇಕು. ಡ್ರಿಪ್‌ಗೆ ಗೊಬ್ಬರ ಬಿಡುವ ವೆಂಚುರಿ ಕೆಲಸ ಮಾಡುವುದೇ ಹೀಗೆ. ಅದರ ನಡುವಿನ ಸಣ್ಣ ಕುತ್ತಿಗೆಯಲ್ಲಿ ಪ್ರೆಶರ್ ಹೊರಗಿನ ಗಾಳಿಗಿಂತ ಕಮ್ಮಿಯಾದಾಗ ಬಕೆಟ್ಟಿನ ಗೊಬ್ಬರದ ನೀರು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಎಳೆಯುತ್ತಿಲ್ಲವೇ? ವೆಂಚುರಿಯನ್ನು ಬೈಪಾಸ್‌ನಲ್ಲಿ (ಮೇನ್ ಲೈನಿನಿಂದ ಪಕ್ಕಕ್ಕೆ ತೆಗೆದು ಮತ್ತೆ ಅದಕ್ಕೇ ಸೇರಿಸಿದ ಪೈಪಿನಲ್ಲಿ) ಕೂರಿಸಿದ್ದರೆ, ಅದರ ಎರಡು ತುದಿಗಳ ನಡುವೆ ಮೇನ್ ಲೈನಿನಲ್ಲಿರುವ ವಾಲ್ವನ್ನು ನಿಧಾನಕ್ಕೆ ಮುಚ್ಚುತ್ತಾ ಬನ್ನಿ. ಬಕೆಟ್ಟಿನಲ್ಲಿ ಮಟ್ಟ ಇಳಿಯಲು ಶುರುವಾದ ತಕ್ಷಣ ನಿಲ್ಲಿಸಿ. ಪೂರ್ತಿ ಮುಚ್ಚಿದರೆ ಗಿಡಗಳಿಗೆ ನೀರೇ ಸಾಲುವುದಿಲ್ಲ.