ವಿಪತ್ತಿಗೆ ಮುನ್ನ ಊರು ಮಾಡಿಕೊಳ್ಳಬೇಕಾದ ಸಿದ್ಧತೆ

2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದಲ್ಲಿ ಸುನಾಮಿ ಎದ್ದಾಗ, ಭೂಕಂಪದ ಕೇಂದ್ರಕ್ಕೆ ತೀರ ಸಮೀಪವಿದ್ದ ಇಂಡೊನೇಷ್ಯಾದ ಸಿಮೆಲುಯೆ ದ್ವೀಪದಲ್ಲಿ ಜೀವ ಕಳೆದುಕೊಂಡವರು ಬೆರಳೆಣಿಕೆಯಷ್ಟು ಮಂದಿ. ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕೆಂಬ ಎಚ್ಚರಿಕೆಯನ್ನು, 1907ರ ಸುನಾಮಿ ಕಂಡ ಹಿರಿಯರು ‘ಸ್ಮಾಂಗ್’ ಎಂಬ ಒಂದೇ ಮಾತಿನಲ್ಲಿ ಮೊಮ್ಮಕ್ಕಳವರೆಗೂ ದಾಟಿಸಿದ್ದರು.

ಆದ್ದರಿಂದ ಮೊದಲು ಊರಿನ ಹಿರಿಯರೊಡನೆ ಸುತ್ತಾಡಿ, ಹಿಂದೆ ನೀರು ಎಲ್ಲಿಯವರೆಗೆ ಏರಿತ್ತು, ಯಾವ ದಾರಿ ಮೊದಲು ಮುಳುಗುತ್ತದೆ, ಗುಡ್ಡ ಎಲ್ಲಿ ಬಿರುಕು ಬಿಟ್ಟಿತ್ತು ಎಂಬುದನ್ನು ಕೇಳಿ, ಎಲ್ಲರಿಗೂ ಅರ್ಥವಾಗುವ ನಕ್ಷೆಯೊಂದನ್ನು ಬರೆದುಕೊಳ್ಳಿ.

ಅನಂತರದ್ದು ಮನೆಮನೆಯ ಪಟ್ಟಿ. ನನ್ನ ಮಟ್ಟಿಗೆ ಇಡೀ ಸಿದ್ಧತೆಯ ಜೀವಾಳ ಇದೇ, ಏಕೆಂದರೆ ಹೊರಗಿನ ನೆರವು ಬಂದು ಮುಟ್ಟುವವರೆಗೆ ಕೈ ಹಿಡಿದು ಎಳೆಯುವವರು ಅಕ್ಕಪಕ್ಕದವರು ಮಾತ್ರ. ವೃದ್ಧರು, ಗರ್ಭಿಣಿಯರು, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆಂದು ಗುರುತಿಸಿ, ಒಬ್ಬೊಬ್ಬರಿಗೂ ಇಬ್ಬರು ನೆರೆಯವರನ್ನು ಹೆಸರಿಟ್ಟು ನೇಮಿಸಿ. ಒಬ್ಬರು ಹೊಲಕ್ಕೆ ಹೋಗಿದ್ದರೆ ಇನ್ನೊಬ್ಬರಾದರೂ ಇರಬೇಕು. ಎಚ್ಚರಿಕೆಗೆ ಬಾರಿಸುವ ಗಂಟೆಯ ಸದ್ದು ಕಿವಿ ಕೇಳದವರನ್ನು ತಲುಪುವುದಿಲ್ಲ, ಅವರನ್ನು ಯಾರಾದರೂ ಹೋಗಿ ಮೈಮುಟ್ಟಿಯೇ ಎಬ್ಬಿಸಬೇಕು. ದನಕರುಗಳನ್ನೂ ಪಟ್ಟಿಯಲ್ಲಿ ಸೇರಿಸಿ. ಅವುಗಳನ್ನು ಬಿಟ್ಟುಬರಲು ಮನಸ್ಸಾಗದೆ ಮನೆಯಲ್ಲೇ ಉಳಿಯುವವರು ಬಹಳ ಮಂದಿ. ಬಾಂಗ್ಲಾದೇಶದ ಕರಾವಳಿಯಲ್ಲಿ ಇದಕ್ಕೆಂದೇ ಜಾನುವಾರುಗಳಿಗಾಗಿ ‘ಕಿಲ್ಲಾ’ ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದಾರೆ.

ಮೂರನೆಯದಾಗಿ, ಯಾವ ಸೂಚನೆ ಕಂಡರೆ ಹೊರಡಬೇಕೆಂದು ಮೊದಲೇ ನಿರ್ಧರಿಸಿ. ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಮಳೆ ಸುರಿಯುತ್ತಿದ್ದರೂ ಇಳಿದರೆ, ಇಳಿಜಾರಿನ ಮರಗಳು ವಾಲತೊಡಗಿದರೆ ಗುಡ್ಡ ಜರಿಯುವ ಸಂಭವವಿದೆ. ರಭಸವಾಗಿ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರನ್ನು ಕೆಡವಬಲ್ಲದು, ಆದ್ದರಿಂದ ದಾರಿ ಮುಳುಗುವ ಮುನ್ನವೇ ಹೊರಡಬೇಕು.

ಆಶ್ರಯದ ಜಾಗದಲ್ಲಿ ಮುಚ್ಚಳವಿರುವ ನೀರಿನ ಡ್ರಮ್, ಟಾರ್ಚ್, ಔಷಧಿ ಇರಲಿ. ನೆರೆಯ ನಂತರ ಭೇದಿ ಹರಡುವುದುಂಟು. ಭೇದಿಯಾದವರಿಗೆ ಕುಡಿಸಲು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸುವ ಅಳತೆಯನ್ನು ಗೋಡೆಯ ಮೇಲೆಯೇ ಬರೆದಿಡಿ.

ಕೊನೆಗೆ ತಾಲೀಮು, ಅದೂ ಕತ್ತಲಲ್ಲಿ. ಎರಡು ಗಳುಗಳಿಗೆ ಗಟ್ಟಿ ಕಂಬಳಿ ಸುತ್ತಿ ಡೋಲಿ ಮಾಡಿ, ಒಬ್ಬರನ್ನು ಮಲಗಿಸಿ, ನಾಲ್ವರು ಹೊತ್ತು ನಡೆಯಿರಿ. ಯಾವ ತಿರುವಿನಲ್ಲಿ ಡೋಲಿ ಬೇಲಿಗೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಆ ವಾರವೇ ಬೇಲಿ ಸರಿಸಿ, ದಾರಿ ಅಗಲ ಮಾಡಿ.