ಮಾಡೆಲ್ ಕಟ್ಟುವವರು ಮೇಜಿಗಿಂತ ಮೊದಲು ಗೋಡೆ ನೋಡಿ

ಪ್ಲಾಸ್ಟಿಕ್ ಕಿಟ್ ತಂದು ವಿಮಾನ, ಟ್ಯಾಂಕು, ರೈಲು ಕಟ್ಟುವ ಹುಚ್ಚು ಹತ್ತಿದವರು ಮೊದಲು ದುಡ್ಡು ಸುರಿಯುವುದು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶಿಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮನೆಯಿದ್ದರೆ ಆ ದುಡ್ಡನ್ನು ಸ್ವಲ್ಪ ದಿನ ಹಾಗೇ ಇಟ್ಟುಕೊಂಡು ಗೋಡೆ ನೋಡಿ. ಮುಂಗಾರಿನ ಗಾಳಿ ಹೊಡೆಯುವುದು ಪಡುವಣದಿಂದ, ನೈಋತ್ಯದಿಂದ. ಆ ಕಡೆಯ ಗೋಡೆಗೆ ಒತ್ತಿ ಮೇಜು ಹಾಕಿದಿರೋ, ಕಿಟ್ಟಿನ ರಟ್ಟಿನ ಡಬ್ಬಕ್ಕೆ ಬೂಷ್ಟು, ಮಾಡೆಲ್ಲಿಗೆ ಅಂಟಿಸುವ ಗುರುತುಗಳ ಡೆಕಾಲ್ ಹಾಳೆಗೆ ಹಳದಿ ಕಲೆ, ಚಿಮಟಕ್ಕೆ ತುಕ್ಕು, ಮೂರೂ ಒಟ್ಟಿಗೇ ಬರುತ್ತವೆ. ಮೂಡಣಕ್ಕೋ ಬಡಗಣಕ್ಕೋ ಕಿಟಕಿಯಿರುವ ಕೋಣೆ ಹುಡುಕಿ.

ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಬೆವರಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಆಗ ಸೂರು, ಗಾರೆ, ಪೈಪು ನೋಡಬೇಕು. ಕೋಣೆಯಲ್ಲಿ ಏನಿಟ್ಟರೂ ಪ್ರಯೋಜನವಿಲ್ಲ. ಹೊರಮೈಯಲ್ಲಿ ಬೆವರಿದ್ದರೆ ಕೋಣೆಯ ಗಾಳಿಯೇ ಒದ್ದೆ. ಅದಕ್ಕೆ ಗಾಳಿಯಾಡಿಸುವುದು, ಸ್ವಲ್ಪ ಶಾಖ ಕೊಡುವುದು ಸಾಕು. ಎರಡಕ್ಕೂ ಒಂದೇ ಮದ್ದು ಮಾಡುವವರೇ ಹೆಚ್ಚು, ಹಾಗಾಗಿಯೇ ಮದ್ದು ಹತ್ತುವುದಿಲ್ಲ.

ಅಟ್ಟ ಖಾಲಿ ಬಿದ್ದಿದೆ, ಅಲ್ಲೇ ಮಾಡಿಕೊಳ್ಳಿ ಎಂದು ಮನೆಯವರು ಹೇಳುತ್ತಾರೆ. ಬೇಡ. ಹೆಂಚಿನ ಕೆಳಗಿನ ಬೇಸಿಗೆಯ ಕಾವು, ಇಲಿ, ಮೇಲಿಂದ ಉದುರುವ ಧೂಳು, ಮೂರೂ ಅಲ್ಲಿ ಖಾಯಂ. ಬಚ್ಚಲ ಒಲೆಯ ಹೊಗೆ ಬರುವ ಕೋಣೆಯೂ ಆಗದು. ಮಸಿಯ ಜಿಡ್ಡು ಕೂತ ಪ್ಲಾಸ್ಟಿಕ್ಕಿಗೆ ಬಣ್ಣ ಕಚ್ಚುವುದಿಲ್ಲ, ಟೇಪ್ ಕೀಳುವಾಗ ಅದರ ಜೊತೆಯೇ ಎದ್ದು ಬರುತ್ತದೆ.

ಮೇಜಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ ಧಾರಾಳ. ಹಲಗೆಗೆ ಕಮರ್ಷಿಯಲ್ ಪ್ಲೈವುಡ್ ತರಬೇಡಿ, ಎರಡು ಮಳೆಗಾಲದಲ್ಲಿ ಪದರ ಬಿಡುತ್ತದೆ. ಅಂಗಡಿಯಲ್ಲಿ ಬಿಡಬ್ಲ್ಯುಆರ್, ಅಂದರೆ ಕುದಿನೀರನ್ನೂ ತಾಳುವ ಪ್ಲೈವುಡ್, ಎಂದು ಕೇಳಿ 18 ಅಥವಾ 19 ಮಿಮೀ ದಪ್ಪದ್ದು ತನ್ನಿ, ಕತ್ತರಿಸಿದ ಅಂಚಿಗೆ ಎರಡು ಕೈ ವಾರ್ನಿಶ್ ಕೊಡಿ. ಪ್ಲೈವುಡ್ ನೀರು ಕುಡಿಯುವುದು ಮೈಯಿಂದಲ್ಲ, ಅಂಚಿನಿಂದ. ಗೋಡೆಗೂ ಮೇಜಿಗೂ ನಡುವೆ ನಾಲ್ಕಿಂಚು ಜಾಗ ಬಿಡಿ. ಗಾಳಿಯೂ ಆಡುತ್ತದೆ, ಗೆದ್ದಲು ದಾರಿ ಕಟ್ಟಿದರೆ ಕಣ್ಣಿಗೂ ಬೀಳುತ್ತದೆ. ಘಾಟಿ ರೈಲಿನ ಮಾದರಿ ಮಾಡುವ ಆಸೆಯಿದ್ದರೆ ಲೆಕ್ಕವೇ ಬೇರೆ. 1:87ರ, ಅಂದರೆ ನಿಜದ 87ನೇ ಒಂದು ಪಾಲಿನ, ಎಚ್‌ಒ ಎಂಬ ಅಳತೆಯ ಹಳಿ 18 ಇಂಚು ತ್ರಿಜ್ಯದಲ್ಲಿ ತಿರುಗಿದರೂ ವೃತ್ತಕ್ಕೆ ಮೂರಡಿ ಅಗಲ, ಅಂಚು ಸೇರಿಸಿದರೆ ನಾಲ್ಕಡಿ ಬೇಕು. ಅಂದರೆ ಎಂಟಡಿ-ನಾಲ್ಕಡಿಯ ಇಡೀ ಪ್ಲೈವುಡ್ ಹಾಳೆ. ಹಳೇ ಮನೆಯ ಇಕ್ಕಟ್ಟಿನ ಬಾಗಿಲಲ್ಲಿ ಅದನ್ನು ತಿರುಗಿಸಿ ಒಳತರುವುದು ಕಷ್ಟ. ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ ಕೋಣೆಯೊಳಗೆ ಬೋಲ್ಟ್ ಹಾಕಿ ಕೂಡಿಸಿ.

ಶೆಲ್ಫಿನ ಅಳತೆಯನ್ನೂ ಕಿಟ್ ಕೊಳ್ಳುವ ಮೊದಲೇ ಹಾಕಿಕೊಳ್ಳಿ. ತೇಜಸ್ ವಿಮಾನದ ಉದ್ದ 13.2 ಮೀಟರ್. 1:72ರಲ್ಲಿ ಅದು ಸುಮಾರು 18 ಸೆಂಮೀ, 1:48ರಲ್ಲಿ ಇಪ್ಪತ್ತೇಳೂವರೆ. ಶೆಲ್ಫಿನ ಆಳ ಒಂಬತ್ತಿಂಚು, ಅಂದರೆ 23 ಸೆಂಮೀ ಇದ್ದರೆ ಎರಡನೆಯದರ ಮೂತಿಯೋ ಬಾಲವೋ ಹೊರಗೆ ಉಳಿಯುತ್ತದೆ.

ಓದುವ ಮೇಜಿನ 75 ಸೆಂಮೀ ಎತ್ತರ ಈ ಕೆಲಸಕ್ಕೆ ತಗ್ಗು. ಕುತ್ತಿಗೆ ಬಗ್ಗಿಸಿ ಬಗ್ಗಿಸಿ ನೋವು ಬರುತ್ತದೆ. ಕಟಿಂಗ್ ಮ್ಯಾಟಿನ ಕೆಳಗೆ ಹತ್ತು ಸೆಂಮೀ ಎತ್ತರದ ಗಟ್ಟಿ ಮಣೆ ಇಡಿ, ಎರಡೂ ಮೊಣಕೈ ಮೇಜಿನ ಮೇಲೆ ಊರಿರಲಿ. ಮೊಣಕೈ ಊರಿದರೆ ಕೈ ನಡುಗುವುದಿಲ್ಲ. ಮ್ಯಾಟ್ ಎ3 ಅಳತೆಯದ್ದು ಸಾಕು.

ಬೆಳಕಿಗೆ ಒಂದೇ ದೀಪ ಸಾಲದು. ಎಡಕ್ಕೊಂದು ಬಲಕ್ಕೊಂದು ಬಗ್ಗುವ ಕತ್ತಿನ ದೀಪ ಇಟ್ಟರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಹತ್ತು ಹನ್ನೆರಡು ವಾಟ್‌ನ ಎಲ್‌ಇಡಿ ಸಾಕು, ಡಬ್ಬದ ಮೇಲೆ 5000ದಿಂದ 6500 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆಂಬ ಅಳತೆ) 90 ಅಥವಾ ಹೆಚ್ಚು ಎಂದು ಬರೆದಿರಲಿ. ಹಳದಿ ಬಲ್ಬಿನಡಿ ಬೆರೆಸಿದ ಬೂದು ಬಣ್ಣ ಹಗಲಲ್ಲಿ ನೋಡಿದರೆ ನೀಲಿಯಾಗಿರುತ್ತದೆ. ಈ ದೀಪಗಳನ್ನು ಇನ್ವರ್ಟರ್ ಲೈನಿಗೆ ಕೊಡಿ.

ನೆಲ ರೆಡ್ ಆಕ್ಸೈಡಿನದ್ದಾದರೆ ಅದೃಷ್ಟ. ಬೂದು ಬಣ್ಣದ ಬಿಡಿಭಾಗ ಬಿದ್ದರೆ ಥಟ್ಟನೆ ಕಾಣುತ್ತದೆ. ಮೊಸಾಯಿಕ್‌ನಲ್ಲಿ ಬಿದ್ದದ್ದು ದೇವರಿಗೇ ಗೊತ್ತು. ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಟ್ಟರೆ ಸಣ್ಣ ಚೂರಿಗೂ ಉದ್ದ ನೆರಳು ಬಿದ್ದು ಸಿಗುತ್ತದೆ. ಬೀಳುವುದನ್ನೇ ತಡೆಯಬೇಕೆಂದರೆ ಪಂಚೆ ಉಟ್ಟು ಕೂರಿ, ಎಲ್ಲ ಮಡಿಲಲ್ಲೇ ಉಳಿಯುತ್ತದೆ. ಪ್ಯಾಂಟಿನವರು ಒಂದು ಟವೆಲಿನ ತುದಿಯನ್ನು ಮೇಜಿನಂಚಿಗೆ ಕ್ಲಿಪ್ ಹಾಕಿ ಉಳಿದದ್ದನ್ನು ತೊಡೆಯ ಮೇಲೆ ಹರಡಿಕೊಳ್ಳಲಿ. ಅರ್ಧದಷ್ಟು ಚೂರುಗಳು ಹಾರುವುದಂತೂ ಚೌಕಟ್ಟಿನಿಂದ ಕತ್ತರಿಸುವ ಅವಸರದಿಂದ. ಕತ್ತರಿಸುವ ಇಕ್ಕಳದ, ಅಂದರೆ ನಿಪ್ಪರಿನ, ಚಪ್ಪಟೆ ಬದಿ ಬಿಡಿಭಾಗದ ಕಡೆಗಿರಲಿ. ಮೊದಲು ಎರಡು ಮಿಮೀ ದೂರದಲ್ಲಿ ಕತ್ತರಿಸಿ ಬಿಡಿಸಿ, ಉಳಿದ ಗುಬುಟನ್ನು ಎರಡನೇ ಸಲ ತೆಗೆಯಿರಿ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಬೆಳ್ಳಗೆ ಬಿರಿಯುತ್ತದೆ, ಆ ಬಿಳಿ ಕಲೆ ಬಣ್ಣದಡಿಯೂ ಗುಳಿಯಾಗಿ ಕಾಣುತ್ತದೆ.

ಅಂಟಿಗೂ ನಮ್ಮ ಹವೆಗೂ ಇರುವ ಸಂಬಂಧ ತಿಳಿದಿರಬೇಕು. ಫೆವಿಕ್ವಿಕ್ ಜಾತಿಯ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮಳೆಗಾಲದಲ್ಲಿ ಸರಿಪಡಿಸಲು ಪುರುಸೊತ್ತು ಕೊಡದೆ ಹಿಡಿಯುತ್ತದೆ, ಸುತ್ತ ಬಿಳಿ ಮಂಜೂ ಕೂರುತ್ತದೆ. ಕಾಕ್‌ಪಿಟ್ಟಿನ ಗಾಜಿಗೆ ಅದನ್ನು ಮುಟ್ಟಿಸಲೇಬೇಡಿ. ಅಲ್ಲಿಗೆ ಫೆವಿಕಾಲ್ ಹಚ್ಚಿ ಒಂದು ರಾತ್ರಿ ಬಿಡಿ, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಫೆವಿಕ್ವಿಕ್ಕಿನ ಒಡೆಯದ ಟ್ಯೂಬನ್ನು ಫ್ರಿಜ್ಜಿನಲ್ಲಿಟ್ಟರೆ ಹೆಚ್ಚು ಕಾಲ ಬಾಳುತ್ತದೆ, ಆದರೆ ಹೊರತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ತಣ್ಣನೆಯ ಟ್ಯೂಬಿನೊಳಗೆ ನೀರು ಕೂತು ಅಂಟು ಕಲ್ಲಾಗುತ್ತದೆ. ಕೋಣೆಯ ಬಿಸಿಗೆ ಬರಲಿ, ಆಮೇಲೆ ಬಿಚ್ಚಿ.

ಕಿಟ್, ಡೆಕಾಲ್ ಇಡುವ ಬೀರುವಿನಲ್ಲಿ ನುಸಿಗುಳಿಗೆ ಹಾಕಬಾರದು. ಸೀರೆಗೆ ಒಳ್ಳೆಯದಾದದ್ದು ಕಿಟ್ಟಿಗೂ ಒಳ್ಳೆಯದು ಎಂದುಕೊಂಡು ಹಾಕುತ್ತಾರೆ. ನ್ಯಾಫ್ತಲೀನ್ ಹಬೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಅಂಟಂಟಾಗಿಸುತ್ತದೆ. ಬೇಕಾದ್ದು ಸಿಲಿಕಾ ಜೆಲ್. ಡೆಕಾಲ್ ಹಾಳೆಗಳನ್ನು ಜಿಪ್ ಚೀಲಕ್ಕೆ ಹಾಕಿ ಒಂದು ಪೊಟ್ಟಣ ಜೊತೆಗಿಡಿ. ಮಣಿಯ ಬಣ್ಣ ತಿರುಗಿದರೆ ಒವೆನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟು ಮತ್ತೆ ಬಳಸಿ. ನೀಲಿ ಮಣಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ಅಡುಗೆಯ ಒವೆನ್ನಿಗೂ ಬಾಣಲೆಗೂ ತರಬೇಡಿ; ಕಿತ್ತಳೆ ಬಣ್ಣದ್ದು ಕೊಳ್ಳಿ. ಬೀರುವನ್ನು ಬೆಚ್ಚಗಿಡಲು ನಮ್ಮಲ್ಲಿ ಮೊದಲಿಂದ ಹಾಕುವ ಜೀರೋ ಬಲ್ಬಿನ ಉಪಾಯ ಇಲ್ಲೂ ನಡೆಯುತ್ತದೆ. ತಂತಿಯ ಹಳೇ ಬಲ್ಬೇ ಆಗಬೇಕು, ಹೆಸರಿಗೆ ಜೀರೋ ಆದರೂ ಅದು ಹತ್ತು ಹದಿನೈದು ವಾಟ್ ಕಾಯುತ್ತದೆ. ಎಲ್‌ಇಡಿ ಜೀರೋ ಬಲ್ಬಿನಲ್ಲಿ ಆ ಶಾಖವಿಲ್ಲ. ಬಲ್ಬು ಡಬ್ಬಗಳಿಂದ ಒಂದಡಿ ದೂರವಿರಲಿ, ಆ ಬೀರುವಿನಲ್ಲಿ ಥಿನ್ನರ್ ಬಾಟಲಿ ಮಾತ್ರ ಇರಕೂಡದು. ಚಾಕು, ಚಿಮಟಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸವರಿಟ್ಟು, ಕೆಲಸಕ್ಕೆ ಮುಂಚೆ ಒರೆಸಿಕೊಳ್ಳಿ. ಎಣ್ಣೆ ಮೆತ್ತಿದ ಜಾಗದಲ್ಲಿ ಬಣ್ಣ ನಿಲ್ಲದು.

ಇನ್ನು ಬಣ್ಣ ಹೊಡೆಯುವ ಜಾಗ. ಒಂದೂವರೆ ಅಡಿ ಚೌಕದ ಪೆಟ್ಟಿಗೆ, ಹಿಂದೆ ಎಕ್ಸಾಸ್ಟ್ ಫ್ಯಾನು, ಅಲ್ಲಿಂದ ಕಿಟಕಿಗೆ ಪೈಪು. ಪೈಪು ಐದಡಿ ಮೀರದಿರಲಿ, ಸುಕ್ಕುಸುಕ್ಕಾದ ಪೈಪು ಆದಷ್ಟು ಬೇಡ. ಉದ್ದವಾದಷ್ಟೂ, ಸುಕ್ಕಾದಷ್ಟೂ ಫ್ಯಾನು ಸೋಲುತ್ತದೆ. ಹೊರಬಾಯಿ ಪಡುವಣಕ್ಕಿದ್ದರೆ ಮಳೆಗಾಳಿ ಬಣ್ಣವನ್ನು ವಾಪಸ್ ನಿಮ್ಮ ಮುಖಕ್ಕೇ ತಳ್ಳುತ್ತದೆ. ಮೂಡಣಕ್ಕಿಟ್ಟು ಬಾಯಿ ಕೆಳಗೆ ಬಗ್ಗಿಸಿ, ಕೆಲಸ ಮುಗಿದೊಡನೆ ಮುಚ್ಚಳ ಹಾಕಿ. ಇಲ್ಲದಿದ್ದರೆ ಕುಂಬಾರ ಹುಳ ವಾರದಲ್ಲೇ ಮಣ್ಣಿನ ಗೂಡು ಕಟ್ಟಿರುತ್ತದೆ. ಹೊರಹೋದಷ್ಟು ಗಾಳಿ ಒಳಬರಲು ಬಾಗಿಲನ್ನು ಒಂದು ಗೇಣು ತೆರೆದಿಡಿ. ಸಾಮಾನ್ಯ ಅಡುಗೆಮನೆ ಫ್ಯಾನು ನೀರಿನ ಅಕ್ರಿಲಿಕ್ ಬಣ್ಣಕ್ಕೆ ಮಾತ್ರ. ಥಿನ್ನರಿನಲ್ಲಿ ಕರಗಿಸುವ ಲ್ಯಾಕರ್ ಬಣ್ಣದ ಹಬೆ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಬಹುದು, ಅದಕ್ಕೆ ಮೋಟಾರ್ ಗಾಳಿಯ ದಾರಿಯಿಂದ ಹೊರಗಿರುವ ಫ್ಯಾನೇ ಬೇಕು. ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ ಪಕ್ಕದ ಕೋಣೆಯಲ್ಲೂ ಆರಿರಲಿ. ಎನ್95 ಮಾಸ್ಕ್ ಉಜ್ಜುವ ಧೂಳಿಗೆ ಸಾಕು, ಥಿನ್ನರ್ ಹಬೆಗೆ ಸಾಲದು. ಅದಕ್ಕೆ ಸಾವಯವ ಹಬೆ ಹೀರುವ ಕಾರ್ಟ್ರಿಜ್ ಮಾಸ್ಕ್ ಕೊಳ್ಳಿ.

ಮಳೆಗಾಲದಲ್ಲಿ ಲ್ಯಾಕರ್ ಹೊಡೆದ ಮೈ ಹಾಲಿನ ಕೆನೆಯಂತೆ ಬಿಳಿಚಿಕೊಳ್ಳುತ್ತದೆ. ಥಿನ್ನರ್ ಆರುವಾಗ ಮೈಯ ಶಾಖ ಎಳೆದುಕೊಳ್ಳುತ್ತದೆ, ತಣಿದ ಮೈಗೆ ಗಾಳಿಯ ನೀರು ಕೂರುತ್ತದೆ, ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಬಣ್ಣದ ಕಂಪನಿಯನ್ನು ಬಯ್ದು ಫಲವಿಲ್ಲ. ಗೋಡೆಗೊಂದು ತೇವಮಾಪಕ ನೇತುಹಾಕಿ, ಮುಳ್ಳು 70 ದಾಟಿದರೆ ಹೊಳಪಿನ ಲ್ಯಾಕರ್ ಮುಟ್ಟಬೇಡಿ. ಸೋನೆ ಬಿಟ್ಟ ದಿನ ನಡುಹಗಲು 12ರಿಂದ 3ರೊಳಗೆ ತೇವ ಎಲ್ಲಕ್ಕಿಂತ ಕಡಿಮೆ ಇರುತ್ತದೆ, ಆಗ ಮುಗಿಸಿ. ಬಿಳಿಚಿಕೊಂಡದ್ದಕ್ಕೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ತೆಳ್ಳಗೆ ಸಿಂಪಡಿಸಿದರೆ ಬಹಳ ಸಲ ತಿಳಿಯಾಗುತ್ತದೆ.

ಏರ್‌ಬ್ರಶ್ಶಿಗೆ ಗಾಳಿ ತುಂಬುವ ಕಂಪ್ರೆಸರ್ ಅದರೊಳಗೆ ನೀರು ಉಗುಳುವುದೂ ಇದೇ ತಿಂಗಳುಗಳಲ್ಲಿ. ನೀರು ಹಿಡಿಯುವ ಟ್ರ್ಯಾಪನ್ನು ಯಂತ್ರದ ಬಾಯಿಗೇ ಕೂರಿಸಿದರೆ ಬಿಸಿಗಾಳಿ ನೀರನ್ನು ಹೊತ್ತುಕೊಂಡೇ ದಾಟಿ ಹೋಗುತ್ತದೆ. ಎರಡು ಮೀಟರ್ ಹೋಸು ಹಾಕಿ, ಗಾಳಿ ತಣಿದ ಮೇಲೆ ಸಿಗುವಂತೆ ಟ್ರ್ಯಾಪ್ ಕೂರಿಸಿ. ಟ್ಯಾಂಕಿನ ತಳದ ತಿರುಪನ್ನು ಪ್ರತಿ ಸಲ ಕೆಲಸ ಮುಗಿದ ಮೇಲೆ ಬಿಚ್ಚಿ ನೀರು ಬಿಡಿ. ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಕಂಪ್ರೆಸರನ್ನು ಇನ್ವರ್ಟರಿಗೆ ಕೊಡಬೇಡಿ, ಮೋಟಾರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆದು ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ. ನಡುವೆ ಕರೆಂಟು ಹೋದರೆ ಸ್ವಿಚ್ ಆರಿಸಿ, ಟ್ಯಾಂಕಿನಲ್ಲಿ ಉಳಿದ ಗಾಳಿಯಲ್ಲೇ ಥಿನ್ನರ್ ಹಾಯಿಸಿ ನಾಜಲ್ ತೊಳೆದುಬಿಡಿ. ಕರೆಂಟಿಗೆ ಕಾಯುತ್ತ ಕೂತರೆ ಬಣ್ಣ ಒಳಗೇ ಗಟ್ಟಿಯಾಗುತ್ತದೆ.

ಅರಸೀಕೆರೆ, ಕಡೂರಿನವರಿಗೆ ಈ ಪಾಡಿಲ್ಲ, ಅವರಿಗೆ ಧೂಳು. ಹೊಡೆಯುವ ಅರ್ಧ ಗಂಟೆ ಮುಂಚೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ ಸೀಲಿಂಗ್ ಫ್ಯಾನ್ ಆರಿಸಿ. ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಶ್ಶಿನ ಸೂಜಿಯ ತುದಿಯಲ್ಲೇ ಒಣಗಿ ಕಟ್ಟುತ್ತದೆ, ಒಂದೆರಡು ಹನಿ ರಿಟಾರ್ಡರ್ ಬೆರೆಸಿ. ಎರಡೂ ಸೀಮೆಯವರು ಒಣಗಲು ಇಟ್ಟ ಮಾಡೆಲ್ ಮೇಲೆ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ, ಅಂಚಿಗೆ ಬೆಂಕಿಕಡ್ಡಿ ಕೊಟ್ಟು ಗಾಳಿಗೆ ಸಂದು ಬಿಡಿ. ಹಸಿ ಬಣ್ಣದ ರೆಕ್ಕೆ ಮೇಲೆ ಹಲ್ಲಿ ನಡೆದರೆ ಮತ್ತೆ ಮೊದಲಿಂದ ಉಜ್ಜಬೇಕು.

ಮೊಂಡಾದ ಬ್ಲೇಡುಗಳನ್ನು ಮುಚ್ಚಳಕ್ಕೆ ಸೀಳು ಮಾಡಿದ ಹಳೇ ತಗಡಿನ ಡಬ್ಬಕ್ಕೆ ಹಾಕಿ, ಕಸದ ಬುಟ್ಟಿಗಲ್ಲ. ಬ್ರಶ್ ತೊಳೆದ ಥಿನ್ನರನ್ನು ಬಚ್ಚಲಿಗೂ ತೋಟದ ಹಳ್ಳಕ್ಕೂ ಬಿಡಬೇಡಿ, ಗಾಜಿನ ಬಾಟಲಿಯಲ್ಲಿ ಒಂದು ವಾರ ಇಟ್ಟರೆ ಬಣ್ಣ ತಳಕ್ಕೆ ಕೂತು ಮೇಲಿನ ಥಿನ್ನರ್ ಬ್ರಶ್ ತೊಳೆಯಲು ಮತ್ತೆ ಬರುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಬಚ್ಚಲ ಒಲೆಗೆ ಎಸೆಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ, ಹಬೆ ಭಗ್ಗನೆ ಮುಖಕ್ಕೆ ಬರುತ್ತದೆ. ಹೊರಗೆ ತಂತಿಯ ಮೇಲೆ ಹರವಿ ಪೂರ್ತಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ.