ಯೀಸ್ಟ್ ಕೋಶದ ಆಕ್ಟಿನ್: ಬಣ್ಣ ಹಾಕಿ ಓದುವುದು ಹೇಗೆ?

ಮೊಗ್ಗು ಬಿಡುವ ಯೀಸ್ಟ್ ಕೋಶದ ಅಡ್ಡಳತೆ ಸುಮಾರು 5 ಮೈಕ್ರೊಮೀಟರ್. ಅಷ್ಟು ಜಾಗದಲ್ಲೇ, ಎಳೆಗಳಾಗಿ ಕೂಡಿಕೊಳ್ಳುವ ಆಕ್ಟಿನ್ ಎಂಬ ಪ್ರೋಟೀನ್ ಎರಡು ವೇಷ ಹಾಕುತ್ತದೆ. ಮೊಗ್ಗಿನ ಒಳಗೋಡೆಗೆ ಒತ್ತೊತ್ತಾಗಿ ಚುಕ್ಕೆಗಳು, ತಾಯಿ ಕೋಶದ ಉದ್ದಕ್ಕೆ ಕೇಬಲ್‌ಗಳು. ಚುಕ್ಕೆಗಳು ಹೊರಗಿನ ಸಾಮಾನನ್ನು ಒಳಗೆಳೆದುಕೊಳ್ಳುವ ಜಾಗ. ಕೇಬಲ್‌ಗಳು ಮೊಗ್ಗಿಗೆ ಸರಕು ಸಾಗುವ ದಾರಿ. ಎರಡಕ್ಕೂ ಕಚ್ಚಾವಸ್ತು ಎಸಿಟಿ1 ಎಂಬ ಒಂದೇ ಜೀನಿನ ಪ್ರೋಟೀನ್. ಯಾವ ವೇಷ ಎಂಬುದನ್ನು ತೀರ್ಮಾನಿಸುವುದು ಜೊತೆಗಿರುವ ಬೇರೆ ಪ್ರೋಟೀನ್‌ಗಳು. ಅವುಗಳಲ್ಲಿ ಒಂದನ್ನು ತೆಗೆದು, ಆಕ್ಟಿನ್‌ಗೆ ಬಣ್ಣ ಹಾಕಿ ನೋಡಿದರೆ ಅದರ ಕೆಲಸ ಏನೆಂದು ಗೊತ್ತಾಗುತ್ತದೆ.

ಬೆಳೆಸುವುದು, ಫಿಕ್ಸ್ ಮಾಡುವುದು

ಕೋಶಗಳು ಚುರುಕಾಗಿ ಬೆಳೆಯುತ್ತಿರಬೇಕು. 600 ನ್ಯಾನೊಮೀಟರ್ ಬೆಳಕಿನಲ್ಲಿ ಕಲ್ಚರ್‌ನ ದಟ್ಟಣೆಯ ಅಳತೆ (ಒ.ಡಿ.) 0.3ರಿಂದ 0.5 ಇದ್ದಾಗ ತೆಗೆದುಕೊಳ್ಳಿ. ರಾತ್ರಿಯಿಡೀ ಬೆಳೆದು ದಟ್ಟವಾದ ಕಲ್ಚರ್‌ನಲ್ಲಿ ಮೊಗ್ಗುಗಳೇ ಅಪರೂಪ, ಚುಕ್ಕೆಗಳೂ ಎಲ್ಲೆಡೆ ಚದುರಿರುತ್ತವೆ.

ಹೆಚ್ಚಿನವರು ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಫಿಕ್ಸ್ ಮಾಡುವುದೆಂದರೆ ಕೋಶವನ್ನು ಇದ್ದ ಸ್ಥಿತಿಯಲ್ಲೇ ರಾಸಾಯನಿಕದಿಂದ ಹಿಡಿದು ನಿಲ್ಲಿಸುವುದು. ಮೊದಲು ತೊಳೆದು ಆಮೇಲೆ ಫಿಕ್ಸ್ ಮಾಡಬೇಡಿ. ಗ್ಲೂಕೋಸ್ ಕೈತಪ್ಪಿದ ಕೆಲವೇ ನಿಮಿಷಗಳಲ್ಲಿ ಕೇಬಲ್‌ಗಳು ಕರಗಿ ಚುಕ್ಕೆಗಳು ಚದುರುತ್ತವೆ. ಅದನ್ನು ನೀವು ಮ್ಯುಟೆಂಟ್‌ನ (ಜೀನ್ ತೆಗೆದ ಅಥವಾ ಕೆಡಿಸಿದ ಕೋಶದ) ದೋಷ ಎಂದುಕೊಳ್ಳುತ್ತೀರಿ. 9 ಮಿಲಿಲೀಟರ್ ಕಲ್ಚರ್‌ಗೆ ನೇರವಾಗಿ 1 ಮಿಲಿಲೀಟರ್ 37% ಫಾರ್ಮಾಲ್ಡಿಹೈಡ್ ಸುರಿಯಿರಿ. ಒಂದು ಗಂಟೆ ಬಿಡಿ. ಮೆಥನಾಲ್‌ನಿಂದ ಫಿಕ್ಸ್ ಮಾಡಿದರೆ ಆಕ್ಟಿನ್ ಎಳೆಯ ರೂಪವೇ ಕೆಡುತ್ತದೆ, ಬಣ್ಣ ಅಂಟುವುದಿಲ್ಲ.

ಬಣ್ಣ

ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣದಲ್ಲಿ ಮೂರು ಸಲ ತೊಳೆದು ಅದರದೇ 50 ಮೈಕ್ರೊಲೀಟರ್‌ನಲ್ಲಿ ಕದಡಿ. ಫ್ಯಾಲಾಯ್ಡಿನ್ ಆಕ್ಟಿನ್ ಎಳೆಗೆ ಅಂಟುತ್ತದೆ, ಅದಕ್ಕೆ ಜೋಡಿಸಿದ ರೋಡಮಿನ್ ಹೊಳೆಯುತ್ತದೆ. 6.6 ಮೈಕ್ರೊಮೋಲಾರ್ ರೋಡಮಿನ್-ಫ್ಯಾಲಾಯ್ಡಿನ್ ದ್ರಾವಣ 10 ಮೈಕ್ರೊಲೀಟರ್ ಹಾಕಿದರೆ ಕೊನೆಯ ಸಾಂದ್ರತೆ ಸುಮಾರು 1 ಮೈಕ್ರೊಮೋಲಾರ್ ಆಗುತ್ತದೆ. ಚುಕ್ಕೆಗಳಿಗೆ ಕತ್ತಲಲ್ಲಿ ಒಂದು ಗಂಟೆ ಸಾಕು. ತೆಳು ಕೇಬಲ್‌ಗಳು ಬೇಕಿದ್ದರೆ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಫ್ಯಾಲಾಯ್ಡಿನ್ ವಿಷ, ಕೈಗವಸು ಇರಲಿ. ಮತ್ತೆ ಮೂರು ಸಲ ತೊಳೆದು, ಬಣ್ಣ ಬೇಗ ಮಾಸದಂತೆ ತಡೆಯುವ ಮಾಧ್ಯಮದಲ್ಲಿ ಸ್ಲೈಡ್ ಮಾಡಿ.

100 ಪಟ್ಟಿನ ಎಣ್ಣೆ ಲೆನ್ಸ್‌ನಲ್ಲಿ 0.3 ಮೈಕ್ರೊಮೀಟರ್ ಅಂತರದ ಪದರಗಳಾಗಿ ಚಿತ್ರ ತೆಗೆಯಿರಿ. ಒಂದೇ ಪದರ ನೋಡಿ "ಕೇಬಲ್ ಇಲ್ಲ" ಎಂದು ಬರೆದುಬಿಡಬೇಡಿ. ಚುಕ್ಕೆಗಳ ಹೊಳಪಿಗೆ ಕ್ಯಾಮೆರಾ ಹೊಂದಿಸಿದರೆ ಕೇಬಲ್ ಕಾಣುವುದೇ ಇಲ್ಲ.

ಓದುವುದು

ಮೊಗ್ಗು ತಾಯಿಯ ಅರ್ಧಕ್ಕಿಂತ ಚಿಕ್ಕದಿರುವ ಕೋಶಗಳನ್ನಷ್ಟೇ ಎಣಿಸಿ. ಮೊಗ್ಗು ದೊಡ್ಡದಾದಂತೆ ಚುಕ್ಕೆಗಳು ತಾನಾಗಿಯೇ ಹರಡುತ್ತವೆ, ವಿಭಜನೆಯ ಹೊತ್ತಿಗೆ ತಾಯಿ-ಮೊಗ್ಗು ಸೇರುವ ಕತ್ತಿನಲ್ಲಿ ಕೂಡುತ್ತವೆ. ಅದು ರೋಗವಲ್ಲ.

ಕೇಬಲ್‌ಗಳನ್ನು ಹೆಣೆಯುವುದು ಫಾರ್ಮಿನ್ ಎಂಬ, ಆಕ್ಟಿನ್ ಎಳೆ ಕಟ್ಟುವ ಎರಡು ಪ್ರೋಟೀನ್‌ಗಳು: ಬಿಎನ್‌ಐ1 ಮೊಗ್ಗಿನ ತುದಿಯಲ್ಲಿ, ಬಿಎನ್‌ಆರ್1 ಕತ್ತಿನಲ್ಲಿ. ಒಂದನ್ನು ತೆಗೆದರೆ ಕೋಶ ಬದುಕುತ್ತದೆ, ಎರಡನ್ನೂ ತೆಗೆದರೆ ಇಲ್ಲ. ಹಾಗಾಗಿ ಬಿಎನ್‌ಆರ್1 ತೆಗೆದು, ಬಿಸಿಗೆ ಕೆಡುವ ಬಿಎನ್‌ಐ1 ಇಟ್ಟು, ತಾಪ ಏರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಕೇಬಲ್‌ಗಳು ಮಾಯ, ಚುಕ್ಕೆಗಳು ಉಳಿದಿರುತ್ತವೆ. ಎರಡು ವೇಷಗಳಿಗೆ ಎರಡು ಬೇರೆ ಯಂತ್ರ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಡ.

ಎಳೆಗೆ ಸುತ್ತಿ ಅದನ್ನು ಗಟ್ಟಿಯಾಗಿಡುವ ಟಿಪಿಎಂ1 ಎಂಬ ಟ್ರೋಪೊಮಯೋಸಿನ್ ಪ್ರೋಟೀನ್ ಇಲ್ಲದಿದ್ದರೂ ಕೇಬಲ್ ಕಾಣುವುದಿಲ್ಲ. ಅಲ್ಲಿ ಕೆಟ್ಟಿರುವುದು ಹೆಣಿಗೆಯಲ್ಲ, ಹೆಣೆದದ್ದು ನಿಲ್ಲುತ್ತಿಲ್ಲ. ಚುಕ್ಕೆಗಳದು ಬೇರೆ ಬಳಗ: ಲಾಸ್17 ಪ್ರೋಟೀನ್ ಎಬ್ಬಿಸಿದಾಗ ಎಆರ್‌ಪಿ2/3 ಎಂಬ ಪ್ರೋಟೀನ್ ಗುಂಪು ಎಳೆಗೆ ಕವಲು ಹಾಕುತ್ತದೆ, ಕ್ಯಾಪಿಂಗ್ ಪ್ರೋಟೀನ್ ಎಳೆಯ ತುದಿ ಮುಚ್ಚುತ್ತದೆ, ಎಸ್‌ಎಸಿ6 ಎಳೆಗಳನ್ನು ಕಟ್ಟಿಡುತ್ತದೆ, ಕೋಫಿಲಿನ್ ಕತ್ತರಿಸುತ್ತದೆ.

ಆದರೆ ಫಿಕ್ಸ್ ಮಾಡಿದ ಚಿತ್ರದಲ್ಲಿ ಎಳೆಗಳು ಕಟ್ಟಿ ಬಿಚ್ಚಿಕೊಳ್ಳುವ ವೇಗ ಕಾಣುವುದಿಲ್ಲ. ಚುಕ್ಕೆಯೊಂದರ ಆಯುಷ್ಯ ಹತ್ತಿಪ್ಪತ್ತು ಸೆಕೆಂಡು ಅಷ್ಟೇ. ವೇಗ ತಿಳಿಯಲು ಬೆಳೆಯುತ್ತಿರುವ ಕಲ್ಚರ್‌ಗೆ ಲ್ಯಾಟ್ರನ್‌ಕ್ಯುಲಿನ್-ಎ ಎಂಬ ಔಷಧ ಹಾಕಿ, ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆದು ಫಿಕ್ಸ್ ಮಾಡಿ. ಈ ಔಷಧ ಬಿಡಿ ಆಕ್ಟಿನ್‌ಗಳನ್ನು ಹಿಡಿದಿಡುವುದರಿಂದ ಹೊಸ ಎಳೆ ಹುಟ್ಟುವುದಿಲ್ಲ, ಇದ್ದದ್ದು ಬಿಚ್ಚಿಕೊಳ್ಳುವುದಷ್ಟೇ ಉಳಿಯುತ್ತದೆ. ಸಾಮಾನ್ಯ ಕೋಶದಲ್ಲಿ ಕೆಲವು ನಿಮಿಷಕ್ಕೆ ಎಲ್ಲವೂ ಖಾಲಿ. ಕೋಫಿಲಿನ್ ಕುಂದಿದ ಕೋಶದಲ್ಲಿ ಅದೇ ಹೊತ್ತಿಗೆ ದಪ್ಪ ಚುಕ್ಕೆಗಳು ಇನ್ನೂ ಹೊಳೆಯುತ್ತಿರುತ್ತವೆ.